ಕೋವಿಯ ಮರಸು, ಕ್ಯಾಮೆರಾದ ಮರಸು

ಚಳಿಗಾಲದ ರಜೆಯಲ್ಲಿ ನಾಲ್ಕು ದಿನಗಳ ಬಿಡುವು ದೊರೆಯಿತು. ಗೆಳೆಯರೊಬ್ಬರಿಂದ ಉದ್ದ ಮಸೂರದ ಕ್ಯಾಮೆರಾ ಒಂದನ್ನು ಎರವಲು ತಂದು, ಕುಮಟೆಯಲ್ಲಿ ರೈಲಿಳಿದು, ಹೊನ್ನಾವರದ ಮೇಲೆ ಗೇರುಸೊಪ್ಪೆಯ ಹಾದಿ ಹಿಡಿದೆ. ಉದ್ದೇಶ ಒಂದೇ: ಸಿಂಗಳೀಕವನ್ನು ಕಣ್ಣಾರೆ ಕಂಡು ಅದರ ಒಂದು ಚಿತ್ರವನ್ನಾದರೂ ತೆಗೆದುಕೊಂಡು ಬರಬೇಕು. ಅಭಯಾರಣ್ಯದೊಳಕ್ಕೆ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲವಷ್ಟೆ. ಆದ್ದರಿಂದ ಪರಿಚಿತರ ಅಡಿಕೆ ತೋಟದಲ್ಲಿ ಇಳಿದುಕೊಂಡು, ತೋಟಕ್ಕೆ ತಗುಲಿದ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಕುಳಿತು ಕಾಯುವುದೆಂದು ಗೊತ್ತಾಯಿತು. ಜೊತೆಗೆ ಆ ಊರಿನ ಹಿರಿಯರೊಬ್ಬರು ಬಂದರು.

ಮೊದಲನೆಯ ದಿನ ಬೆಳಗಿನಿಂದ ಬೈಗಿನವರೆಗೆ ಕತ್ತೆತ್ತಿ ಕುಳಿತದ್ದೇ ಬಂತು. ಕತ್ತು ನೋಯಿತು, ಇಂಬಳ ಕಚ್ಚಿತು, ಕಂಡದ್ದು ಎಲೆ. ಹಿರಿಯರು ನಕ್ಕರು. "ನೀವು ಕಣ್ಣಲ್ಲಿ ಹುಡುಕ್ತಾ ಇದ್ರಿ ಮಾರಾಯ್ರೆ. ಇಲ್ಲಿ ಮೊದಲು ಕೆಮಿ, ಆಮೇಲೆ ಕಣ್ಣು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಪ್ಪನ ಕಾಲದಲ್ಲಿ ಇದೇ ಬಂಡೆ ಹಿಂದೆ ಕೋವಿ ಹಿಡ್ಕಂಡು ಮರಸು ಕೂರ್ತಿದ್ರು. ನೀವು ಕ್ಯಾಮೆರಾ ಹಿಡ್ಕಂಡು ಕೂತಿದ್ರಿ. ಮರಸು ಮರಸೇ" ಎಂದರು.

ಮರಸು ಎಂಬುದು ಮಲೆನಾಡಿನ ಬೇಟೆಗಾರರ ಮಾತು. ಪ್ರಾಣಿ ಬರುವ ಜಾಡಿನಲ್ಲಿ, ಹಣ್ಣುದುರುವ ಮರದ ಬಳಿಯಲ್ಲಿ, ನೀರಿನ ಗುಂಡಿಯ ಮಗ್ಗುಲಲ್ಲಿ ಅಡಗಿ ಕುಳಿತು ಕಾಯುವುದಕ್ಕೆ ಮರಸು ಕೂರುವುದೆಂದು ಹೆಸರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ಮರ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಯಾವ ಹಕ್ಕಿ ಕೂಗಿದರೆ ಯಾವ ಪ್ರಾಣಿ ಹೊರಟಿದೆ ಎಂಬುದೆಲ್ಲ ಮರಸು ಕೂರುವವನಿಗೆ ತಿಳಿದಿರಬೇಕು. ಇಂದು ಕ್ಯಾಮೆರಾ ಹಿಡಿದು ಕಾಡಿಗೆ ಹೋಗುವವನಿಗೆ ಬೇಕಾದ ವಿದ್ಯೆಯೂ ಇದೇ. ಹಾಗಾದರೆ ಕೋವಿಯ ಮರಸಿಗೂ ಕ್ಯಾಮೆರಾದ ಮರಸಿಗೂ ನಡುವೆ ಏನು ನಡೆಯಿತು? ಭಟ್ಕಳ, ಹೊನ್ನಾವರ, ಕುಮಟೆಗಳ ಈ ಕಿರಿದಾದ ಪಟ್ಟಿಯಲ್ಲಿ ಪ್ರಾಣಿಯನ್ನು ಕಂಡವರು ಯಾರು, ಕಂಡದ್ದಕ್ಕೆ ಸಾಕ್ಷಿಯಾಗಿ ಹೊರಗೆ ಒಯ್ದದ್ದು ಏನು? ಉಳಿದ ದಿನಗಳಲ್ಲಿ ಬಂಡೆಯ ಹಿಂದೆ ಕುಳಿತು ನಾನು ನೆನೆದದ್ದು ಈ ಕಥೆಯನ್ನು.

ಘಟ್ಟದ ದಾರಿಹೋಕರು

ಈ ಮೂರು ತಾಲ್ಲೂಕುಗಳ ನೆಲವನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವೆ ಗದ್ದೆ, ಗಜನಿ, ತೆಂಗು, ಅಡಿಕೆ. ಕುಮಟೆಯ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುತ್ತವೆ. ಈ ಹೊಳೆಗಳ ಮೇಲೆಯೇ ಹಿಂದಿನ ಕಾಲದ ಪಯಣಿಗರು ಒಳನಾಡಿಗೆ ಬಂದರು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ೧೬೨೩ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಸಾಗಿ, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಟಿಪ್ಪು ಸುಲ್ತಾನನ ಪತನವಾಗಿ ಕನ್ನಡ ಜಿಲ್ಲೆ ಕಂಪೆನಿಯ ವಶವಾದ ಮೇಲೆ, ೧೮೦೧ರಲ್ಲಿ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಮಿರ್ಜಾನುಗಳ ಮೇಲೆ ಹಾದುಹೋದನು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಅವನ ಪ್ರವಾಸಕಥನ ನಮ್ಮ ಚರಿತ್ರೆಕಾರರ ಕೈಪಿಡಿ.

ಇವರಿಬ್ಬರೂ ಕಾಡಿನ ನಡುವೆ ನಡೆದರು. ಆದರೆ ಬುಕಾನನ್ನನ ಕಣ್ಣು ಮುಖ್ಯವಾಗಿ ಇದ್ದದ್ದು ಬೇಸಾಯ, ವ್ಯಾಪಾರ, ಕಂದಾಯ, ಜನರ ಆಚಾರಗಳ ಮೇಲೆ. ಕಾಡೆಂದರೆ ಅಂದಿನವರಿಗೆ ಮೆಣಸು. ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದದ್ದು ಸುಮ್ಮನೆ ಅಲ್ಲ. ನೀರಿನ ಸೆಲೆಯಿರುವ, ಬಿಸಿಲು ತೂರದ, ಸದಾ ಹಸುರಾದ ಕಾಡಿಗೆ ಇಲ್ಲಿ ಕಾನು ಎಂದು ಹೆಸರು. ಕಾನಿನಲ್ಲಿ ಮೆಣಸು ಬೆಳೆಯುತ್ತದೆ, ದೇವರಿರುತ್ತದೆ, ತೋಟಕ್ಕೆ ಬರುವ ನೀರಿನ ಬುಡ ಇರುತ್ತದೆ. ಆದ್ದರಿಂದ ಊರವರು ಕಾನಿಗೆ ಕೊಡಲಿ ಹಾಕುತ್ತಿರಲಿಲ್ಲ. ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್ ಚಂದ್ರನ್ ಅವರು ಮಾಧವ ಗಾಡ್ಗೀಳರೊಡನೆ ೧೯೯೩ರಲ್ಲಿ ಈ ಕಾನುಗಳ ಚರಿತ್ರೆಯನ್ನು ಬರೆದು ತೋರಿಸಿದ್ದಾರೆ. ಪ್ರಾಣಿಗಳನ್ನು ಉಳಿಸಬೇಕೆಂದು ಯಾರೂ ಕಾನನ್ನು ಉಳಿಸಲಿಲ್ಲ. ಕಾನು ಉಳಿದದ್ದರಿಂದ ಪ್ರಾಣಿಗಳು ಉಳಿದವು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸತ್ತ ಹುಲಿಗಳ ಲೆಕ್ಕ

೧೮೬೨ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಾಡಿಗೆ ಇಲಾಖೆ ಬಂತು, ಗಡಿಗಲ್ಲು ಬಂತು, ಗೆಜೆಟಿಯರ್ ಬಂತು. ೧೮೮೩ರಲ್ಲಿ ಜೇಮ್ಸ್ ಕ್ಯಾಂಬೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದ ಕನ್ನಡ ಜಿಲ್ಲೆಯ ಗೆಜೆಟಿಯರಿನ ವನ್ಯಪ್ರಾಣಿಗಳ ಭಾಗವನ್ನು ಓದುವವನಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ಹುಲಿಯ ಲೆಕ್ಕವೆಂದರೆ ಕೊಂದ ಹುಲಿಯ ಲೆಕ್ಕ. ಹುಲಿಯನ್ನು ಕೊಂದು ತಂದವನಿಗೆ ಸರಕಾರ ಇನಾಮು ಕೊಡುತ್ತಿದ್ದ ಕಾಲವದು. ಇನಾಮು ಕೊಟ್ಟದ್ದಕ್ಕೆ ದಫ್ತರದಲ್ಲಿ ದಾಖಲೆಯಿರಬೇಕು. ದಾಖಲೆಗೆ ಚರ್ಮ ಬೇಕು. ಹೀಗೆ ಪ್ರಾಣಿ ಲೆಕ್ಕಕ್ಕೆ ಸಿಕ್ಕಬೇಕಾದರೆ ಮೊದಲು ಸಾಯಬೇಕಾಯಿತು. ಬದುಕಿ ಕಾಡಿನಲ್ಲಿ ತಿರುಗುತ್ತಿದ್ದ ಹುಲಿಗೆ ದಫ್ತರದಲ್ಲಿ ಜಾಗವಿರಲಿಲ್ಲ.

ಇದಕ್ಕೆ ದೊರೆಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಳು ನುಗ್ಗಿಸುವ ಬೇಟೆ, ಉರುಳು, ಕೇಪಿನ ಕೋವಿ, ಮರಸು ಇವೆಲ್ಲ ಊರವರ ಬದುಕಿನ ಭಾಗವಾಗಿದ್ದವು. ಗದ್ದೆಗೆ ಹಂದಿ ನುಗ್ಗಿದರೆ ರೈತನಿಗೆ ಊಟವಿಲ್ಲ. ಕೊಟ್ಟಿಗೆಗೆ ಹುಲಿ ಬಂದರೆ ಉಳುವ ಎತ್ತಿಲ್ಲ. ಆದರೂ ಅದೇ ರೈತ ಕಾಡಿನಂಚಿನಲ್ಲಿ ಹುಲಿದೇವರ ಕಲ್ಲನ್ನು ನಿಲ್ಲಿಸಿ ಕಾಯಿ ಒಡೆದನೆಂಬುದನ್ನೂ ಮರೆಯುವಂತಿಲ್ಲ. ಅವನಿಗೆ ಹುಲಿ ಶತ್ರುವೂ ಹೌದು, ಒಡೆಯನೂ ಹೌದು. ಗೆಜೆಟಿಯರಿನ ಅಂಕಿಗಳ ಸಾಲಿನಲ್ಲಿ ಈ ಎರಡನೆಯ ಸಂಬಂಧಕ್ಕೆ ಕಾಲಂ ಇರಲಿಲ್ಲ.

ಬಲೆ, ಬಾಟಲಿ, ಪಂಜರ

ಗೆಜೆಟಿಯರು ಹೊರಬಂದ ೧೮೮೩ರಲ್ಲಿಯೇ ಮುಂಬಯಿಯಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ನಮ್ಮವರು. ಆರು ಮಂದಿ ಆಂಗ್ಲರಲ್ಲಿ ಒಬ್ಬರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿ. ಕಾರವಾರದ ಕಡೆ ನೌಕರಿಯಲ್ಲಿದ್ದಾಗ ಅಲ್ಲಿನ ಕಾಡಿನಲ್ಲಿ ಅಲೆದು ಬರೆದ ಪ್ರಬಂಧಗಳು ೧೮೯೪ರಲ್ಲಿ ಪುಸ್ತಕವಾದವು. ಈ.ಎಚ್.ಎ. ಎಂಬ ಮೂರಕ್ಷರದ ಅಂಕಿತದಿಂದ ಇವರು ಅಂದಿನ ಓದುಗರಿಗೆ ಪರಿಚಿತರು. ಇರುವೆ, ಜೇಡ, ಕಪ್ಪೆಗಳ ಬಗೆಗೆ ನಗುನಗುತ್ತ ಬರೆಯಬಹುದೆಂದು ತೋರಿಸಿಕೊಟ್ಟವರು ಇವರು.

ಐಟ್ಕನ್ನರ ಜೊತೆಗೆ ಇನ್ನಿಬ್ಬರನ್ನು ಹೇಳಬೇಕು. ಕಾರವಾರದ ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್‌ಸನ್ ಹಕ್ಕಿಗಳನ್ನು ಬಲ್ಲವರು, ಅರಣ್ಯಾಧಿಕಾರಿ ಟಿ.ಆರ್. ಬೆಲ್ ಚಿಟ್ಟೆಗಳನ್ನು ಬಲ್ಲವರು. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ೧೮೯೬-೯೭ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ ಇಂದಿಗೂ ಆಕರವಾಗಿದೆ. ಅವರು ಚಿಟ್ಟೆಯನ್ನು ಬಲೆಯಲ್ಲಿ ಹಿಡಿದಷ್ಟಕ್ಕೆ ತೃಪ್ತರಾಗಲಿಲ್ಲ. ಕಂಬಳಿಹುಳುವನ್ನು ಹುಡುಕಿ ತಂದು, ಅದು ತಿನ್ನುವ ಗಿಡದ ಎಲೆಯನ್ನೇ ಇಟ್ಟು ಸಾಕಿ, ಕೋಶವಾಗಿ ಚಿಟ್ಟೆಯಾಗುವವರೆಗೆ ಕಾದು ನೋಡಿದರು. ಚಿಟ್ಟೆಯನ್ನು ತಿಳಿಯಬೇಕಾದರೆ ಗಿಡವನ್ನು ತಿಳಿಯಬೇಕೆಂಬ ಪಾಠ ಅಲ್ಲಿದೆ. ಬೆಲ್ಲರು ನಿವೃತ್ತರಾದ ಮೇಲೂ ತಾಯ್ನಾಡಿಗೆ ಮರಳದೆ ಕಾರವಾರದಲ್ಲಿಯೇ ಉಳಿದು ೧೯೪೮ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು.

ಅದೇ ಕಾಲದ ಇನ್ನೊಂದು ಕಥೆ ಸ್ವಾರಸ್ಯವಾಗಿದೆ. ೧೮೯೪ರಲ್ಲಿ ಕಾರವಾರದ ಎಚ್. ಇಂಗಲ್ ಎಂಬವರು ಮೂರು ತಿಂಗಳ ಮಂಗಟ್ಟೆ ಹಕ್ಕಿಯ ಮರಿಯೊಂದನ್ನು ಸೊಸೈಟಿಗೆ ಕಾಣಿಕೆಯಾಗಿ ಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ದೊಡ್ಡ ಕೊಕ್ಕಿನ ಈ ಹಕ್ಕಿ ೧೯೨೦ರವರೆಗೆ, ಇಪ್ಪತ್ತಾರು ವರ್ಷ, ಮುಂಬಯಿಯ ಕಚೇರಿಯಲ್ಲಿ ಬದುಕಿತು. ಎಸೆದ ಟೆನ್ನಿಸ್ ಚೆಂಡನ್ನು ಕೊಕ್ಕಿನಿಂದ ಹಿಡಿಯುವುದನ್ನು ಕಲಿಯಿತು. ಸೊಸೈಟಿಯ ಲಾಂಛನದಲ್ಲಿ ಇಂದಿಗೂ ಮಂಗಟ್ಟೆಯ ಚಿತ್ರವೇ ಇದೆ. ನಮ್ಮ ಘಟ್ಟದ ಹಕ್ಕಿ ದೇಶದ ದೊಡ್ಡ ಸಂಸ್ಥೆಯ ಗುರುತಾದದ್ದು ಹೆಮ್ಮೆಯ ವಿಷಯವೇ ಸರಿ. ಆದರೆ ಕಾಡಿನ ಮಂಗಟ್ಟೆಯ ನಿಜವಾದ ಸೋಜಿಗ ಬೇರೆಯದು. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿಸಿದ ಸಣ್ಣ ಸೀಳಿನಲ್ಲಿ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಅದಕ್ಕೆ ಪೊಟರೆಯಿರುವಷ್ಟು ಹಳೆಯ ಮರ ಬೇಕು, ವರ್ಷವಿಡೀ ಹಣ್ಣು ಕೊಡುವ ಕಾಡು ಬೇಕು. ಪಂಜರದ ವಿಲಿಯಂನಲ್ಲಿ ಹಕ್ಕಿ ಕಂಡಿತು, ಈ ಸಂಸಾರ ಕಾಣಲಿಲ್ಲ.

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು ೧೯ ಕಿಲೊಮೀಟರು ದೂರ ಕಡಲಿನಲ್ಲಿರುವ ನೇತ್ರಾಣಿ ದ್ವೀಪವೂ ಇಂತಹ ಕಣ್ಣುಗಳಿಗೆ ಬೇಗ ಬಿತ್ತು. ಹಳೆಯ ನಾವಿಕರ ನಕ್ಷೆಗಳಲ್ಲಿ ಅದು ಪಾರಿವಾಳದ ದ್ವೀಪ. ೧೮೬೨-೬೪ರಲ್ಲಿ ಪ್ರಕಟವಾದ ಜರ್ಡನ್ ಅವರ ಪಕ್ಷಿಗ್ರಂಥದಲ್ಲಿ ಅಲ್ಲಿಯ ಬಿಳಿಹೊಟ್ಟೆಯ ಕಡಲ ಹದ್ದಿನ ಪ್ರಸ್ತಾಪವಿದೆ. ಮೀನು, ಕಡಲ ಹಾವುಗಳನ್ನು ಹಿಡಿದು ತಿಂದು, ಎತ್ತರದ ಮರದಲ್ಲಿ ವರ್ಷವರ್ಷವೂ ಅದೇ ಗೂಡಿಗೆ ಮರಳುವ ಹಕ್ಕಿಯದು. ಮೀನುಗಾರರಿಗೆ ಅದು ದಿನನಿತ್ಯದ ನೋಟ, ವಿದ್ವಾಂಸರಿಗೆ ಶೋಧ. ಮರ ಹತ್ತಿದವರು, ದೋಣಿ ಒಯ್ದವರು, ಹುಳು ಹುಡುಕಿದವರು ನಮ್ಮ ಜನ. ಗ್ರಂಥಗಳಲ್ಲಿ ಅವರ ಹೆಸರು ಹುಡುಕಿದರೂ ಸಿಕ್ಕುವುದು ಕಷ್ಟ.

ಬೆಳಕಿನ ಬಡತನ

ಕ್ಯಾಮೆರಾ ಕಾಡಿಗೆ ಬಂದದ್ದು ಬೇಟೆಗಾರನ ಕೈಯಲ್ಲಿಯೇ. ಅಮೆರಿಕದ ಜಾರ್ಜ್ ಶೈರಸ್ ರಾತ್ರಿಯ ಹೊತ್ತು ಮಿಂಚುಪುಡಿ ಹೊತ್ತಿಸಿ ತೆಗೆದ ಪ್ರಾಣಿಗಳ ಚಿತ್ರಗಳು ೧೯೦೬ರಲ್ಲಿ ಪ್ರಕಟವಾದಾಗ ಜನ ಬೆರಗಾದರು. ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದವರು ಉತ್ತರದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಹುಲಿ ನಡೆಯುವ ದಾರಿಗೆ ಅಡ್ಡವಾಗಿ ತಂತಿ ಕಟ್ಟಿ, ಹುಲಿ ಎಡವಿದೊಡನೆ ಮಿಂಚು ಹೊತ್ತಿ ಚಿತ್ರ ಮೂಡುವಂತೆ ಮಾಡಿದರು. ೧೯೨೭ರಲ್ಲಿ ಅವರ ಪುಸ್ತಕ ಬಂದಿತು. ಕೋವಿಗಿಂತ ಕ್ಯಾಮೆರಾದ ಬೇಟೆ ಕಠಿನ, ಆದ್ದರಿಂದ ಅದೇ ಹೆಚ್ಚಿನ ಬೇಟೆ ಎಂಬ ಭಾವನೆ ಮೆಲ್ಲಗೆ ಬೇರೂರಿತು.

ಕರ್ನಾಟಕಕ್ಕೂ ಈ ವಿದ್ಯೆಯಲ್ಲಿ ದೊಡ್ಡ ಹೆಸರುಗಳಿವೆ. ಓ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಚಿತ್ರಗಳು ದೇಶದಾಚೆಗೂ ಮನ್ನಣೆ ಪಡೆದವು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದನ್ನು ಕನ್ನಡ ಓದುಗರು ಬಲ್ಲರು. ಆದರೆ ಬಹುಕಾಲ ನಾವು ಕಂಡ ಚಿತ್ರಗಳು ಬಂಡೀಪುರದವು, ನಾಗರಹೊಳೆಯವು, ರಂಗನತಿಟ್ಟಿನವು. ಹೊನ್ನಾವರದ ಕಾನಿನ ಚಿತ್ರಗಳು ಅಪರೂಪ. ಏಕೆ?

ಕಾರಣ ಸರಳ: ಬೆಳಕಿಲ್ಲ. ಬಂಡೀಪುರದಲ್ಲಿ ಎಲೆಯುದುರುವ ಕಾಡು, ಬಯಲು, ಕೆರೆಯಂಗಳ. ರಂಗನತಿಟ್ಟಿನಲ್ಲಿ ನೀರಿನ ನಡುವೆ ತೆರೆದ ಗೂಡುಗಳು. ಘಟ್ಟದ ನೆತ್ತಿಯ ಕತ್ತಲೆಕಾನಿಗೆ ಅದರ ಹೆಸರೇ ಸಾಕ್ಷಿ. ನಡು ಹಗಲಿನಲ್ಲಿಯೂ ಅಲ್ಲಿ ಮಬ್ಬು. ೧೯೩೫ರಲ್ಲಿ ಬಂದ ಕೊಡಾಕ್ರೋಮ್ ಮೊದಲಾದ ಬಣ್ಣದ ಫಿಲ್ಮುಗಳಿಗೆ ತುಂಬ ಬೆಳಕು ಬೇಕಾಗುತ್ತಿತ್ತು. ಆ ಮಬ್ಬಿನಲ್ಲಿ ಚಿತ್ರ ಮೂಡಬೇಕಾದರೆ ಪ್ರಾಣಿ ಕಲ್ಲಿನಂತೆ ಕದಲದೆ ಕೂರಬೇಕು. ಸಿಂಗಳೀಕ ಎಲ್ಲಿ ಕೂರುತ್ತದೆ? ನೂರಡಿ ಎತ್ತರದ ಮರದ ತುದಿಯಲ್ಲಿ. ಅದರ ಮೈ ಕಪ್ಪು, ಹಿಂದಿನ ಆಕಾಶ ಬಿಳಿ. ಆಕಾಶಕ್ಕೆ ಹೊಂದಿಸಿದರೆ ಪ್ರಾಣಿ ಮಸಿ; ಪ್ರಾಣಿಗೆ ಹೊಂದಿಸಿದರೆ ಚಿತ್ರವೆಲ್ಲ ಬೂದಿ. ಮೇಲಾಗಿ ಮಳೆಗಾಲದ ತೇವಕ್ಕೆ ಮಸೂರದೊಳಗೂ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಪ್ರಾಣಿ ಇದ್ದರೂ ಚಿತ್ರವಿಲ್ಲ. ಚಿತ್ರವಿಲ್ಲದ್ದರಿಂದ ಹೊರಗಿನವರ ಪಾಲಿಗೆ ಪ್ರಾಣಿಯೇ ಇಲ್ಲ ಎಂಬಂತಾಯಿತು.

ವಿಳಾಸ ತಪ್ಪಿದ ಪ್ರಾಣಿ

ಸಿಂಗಳೀಕದ ಕಥೆ ಹೀಗೆ ಕಾಣದೆ ಉಳಿದವರ ಕಥೆ. ಲಿನೇಯಸ್ ೧೭೫೮ರಲ್ಲಿಯೇ ಇದಕ್ಕೆ ಶಾಸ್ತ್ರೀಯ ಹೆಸರನ್ನು ಕೊಟ್ಟನು. ಆದರೆ ಯೂರೋಪಿನವರು ಕಂಡದ್ದು ಹಡಗಿನಲ್ಲಿ ಬಂದ, ಪಂಜರದಲ್ಲಿ ಕುಳಿತ ಪ್ರಾಣಿಯನ್ನು. ಅದು ಸಿಂಹಳದ್ದೆಂದು ಬಹುಕಾಲ ನಂಬಿದರು. ಸಿಂಹಳೀಯರು ತಮ್ಮ ಮುಸುವನನ್ನು ಕರೆಯುವ ವಾಂಡರೂ ಎಂಬ ಹೆಸರನ್ನು ಇದಕ್ಕೆ ಅಂಟಿಸಿದರು. ಸಿಂಹಳದಲ್ಲಿ ಸಿಂಗಳೀಕ ಇಲ್ಲವೇ ಇಲ್ಲ. ಅದು ಪಶ್ಚಿಮ ಘಟ್ಟವನ್ನು ಬಿಟ್ಟು ಭೂಮಂಡಲದಲ್ಲಿ ಬೇರೆಲ್ಲಿಯೂ ಇಲ್ಲ. ಈ ತಪ್ಪು ತಿದ್ದಿಕೊಳ್ಳಲು ನೂರು ವರ್ಷ ಹಿಡಿಯಿತು. ಕಾಡಿನಲ್ಲಿ ಕಾಣದೆ ಪಂಜರದಲ್ಲಿ ಕಂಡರೆ ಪ್ರಾಣಿಯ ವಿಳಾಸವೇ ತಪ್ಪುತ್ತದೆ.

ಕಾನೂನು ನಿಧಾನವಾಗಿ ಬಂತು. ೧೯೫೧ರ ಮುಂಬಯಿ ಶಾಸನ ವನ್ಯಪ್ರಾಣಿ ಪಕ್ಷಿಗಳ ಬೇಟೆಗೆ ಕಟ್ಟು ಹಾಕಿತು. ೧೯೫೬ರಲ್ಲಿ ಜಿಲ್ಲೆ ಕನ್ನಡನಾಡಿಗೆ ಸೇರಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಸಿಂಗಳೀಕವನ್ನು ಮೊದಲನೆಯ ಪಟ್ಟಿಯಲ್ಲಿರಿಸಿತು. ಕೇರಳದ ಸೈಲೆಂಟ್ ವ್ಯಾಲಿಯ ಅಣೆಕಟ್ಟಿನ ವಿರುದ್ಧ ಎಪ್ಪತ್ತರ ದಶಕದಲ್ಲಿ ಎದ್ದ ಚಳವಳಿ ಈ ಪ್ರಾಣಿಯ ಮುಖವನ್ನು ದೇಶಕ್ಕೆ ಪರಿಚಯಿಸಿತು. ಆಗಲೂ ಶಿರಸಿ-ಹೊನ್ನಾವರದ ಮಲೆಗಳ ಕಡೆ ಹೆಚ್ಚಿನವರ ಲಕ್ಷ್ಯ ಹರಿಯಲಿಲ್ಲ. ೨೦೦೦ದ ನಂತರ ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಹೊನ್ನವಳ್ಳಿ ಎನ್. ಕುಮಾರ ಮೊದಲಾದವರು ಈ ಕಾಡುಗಳನ್ನು ಕಾಲ್ನಡಿಗೆಯಲ್ಲಿ ಅಳೆದರು. ಇಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳಲ್ಲಿ ಆರುನೂರಕ್ಕೂ ಮಿಕ್ಕಿದ ಸಿಂಗಳೀಕಗಳಿವೆಯೆಂದು ತಿಳಿದಾಗ ತಜ್ಞರೂ ಅಚ್ಚರಿಪಟ್ಟರು. ಇಡೀ ಘಟ್ಟದಲ್ಲಿ ಕೆಲವೇ ಸಾವಿರವಿರುವ ಪ್ರಾಣಿಯ ದೊಡ್ಡದೊಂದು ಬೀಡು ನಮ್ಮ ಬೆಟ್ಟದ ಹಿಂದೆ ಇತ್ತು. ಊರವರಿಗೆ ಅದು ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಈ ಲೆಕ್ಕಕ್ಕೂ ೧೮೮೩ರ ಲೆಕ್ಕಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅದು ಕೊಂದವುಗಳ ಲೆಕ್ಕ. ಇದು ಬದುಕಿರುವವುಗಳ ಲೆಕ್ಕ. ಅದರ ಫಲ ಇನಾಮು. ಇದರ ಫಲ ನೆಲ. ೨೦೧೧ರಲ್ಲಿ ಅಘನಾಶಿನಿ ಕಣಿವೆಯ ೨೯೯ ಚದರ ಕಿಲೊಮೀಟರಿಗೂ ಹೆಚ್ಚಿನ ಕಾಡು ಸಿಂಗಳೀಕದ ಹೆಸರಿನಲ್ಲಿ ಸಂರಕ್ಷಿತ ಪ್ರದೇಶವಾಯಿತು. ೨೦೧೯ರಲ್ಲಿ ಅದನ್ನೂ ಶರಾವತಿ ಕಣಿವೆಯ ಹಳೆಯ ಅಭಯಾರಣ್ಯವನ್ನೂ ನಡುವಣ ಕಾಡನ್ನೂ ಕೂಡಿಸಿ ಸುಮಾರು ೯೩೦ ಚದರ ಕಿಲೊಮೀಟರಿನ ಶರಾವತಿ ಸಿಂಗಳೀಕ ಅಭಯಾರಣ್ಯ ಘೋಷಿತವಾಯಿತು. ಈಚೆಗೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ ೨೦೦೦ ಮೆಗಾವಾಟ್ ವಿದ್ಯುತ್ತು ತೆಗೆಯುವ ಯೋಜನೆಯ ಸುತ್ತ ವಾದವೆದ್ದಾಗ, ಸಿಂಗಳೀಕ ಅಲ್ಲಿದೆಯೇ ಎಂದು ಯಾರೂ ಕೇಳುವಂತಿರಲಿಲ್ಲ. ಅದಕ್ಕೆ ಎಷ್ಟು ಕಾಡನ್ನು ಬಿಡಬೇಕು ಎಂಬುದೇ ಪ್ರಶ್ನೆ. ಲೆಕ್ಕವಿಲ್ಲದ ಕಾಲದಲ್ಲಾಗಿದ್ದರೆ ಈ ಪ್ರಶ್ನೆಯೂ ಏಳುತ್ತಿರಲಿಲ್ಲ.

ಕುಂಬಾರ ಕಪ್ಪೆ

ಕ್ಯಾಮೆರಾವೂ ಈ ನಡುವೆ ಬದಲಾಯಿತು. ಚಾಂಪಿಯನ್ನರ ತಂತಿಯ ಉಪಾಯವನ್ನು ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ನಾಗರಹೊಳೆಯಲ್ಲಿ ಶಾಸ್ತ್ರವನ್ನಾಗಿ ಮಾಡಿದರು. ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ಆ ವಿಧಾನದ ಮೇಲೆ ೧೯೯೫ರಲ್ಲಿ ಬರೆದರು. ಕಾನಿನ ಕತ್ತಲೆಯನ್ನು ಗೆಲ್ಲುವ ಕ್ಯಾಮೆರಾಗಳೂ ಬಂದವು.

ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಸದಾ ನೀರು ನಿಂತ ಕೆಸರಿನಲ್ಲಿ ಮರಗಳು ಉಸಿರಾಡಲು ಬೇರನ್ನು ಮಂಡಿಯಂತೆ ಮೇಲಕ್ಕೆ ಮಡಿಸಿ ನಿಂತಿರುತ್ತವೆ. ಭೂಮಿಯ ಅತಿ ಪುರಾತನ ಕಾಡುಗಳ ಅವಶೇಷ ಇವು. ೨೦೦೦ದಲ್ಲಿ ಇಲ್ಲಿಂದ ವರ್ಣಿತವಾದ ಗೇರಿನ ಬಳಗದ ಹೊಸ ಮರವೊಂದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ೨೦೧೪ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಈ ಸೀಮೆಯ ಹಳ್ಳಗಳಿಂದ ಹೊಸ ಇರುಳುಗಪ್ಪೆಯೊಂದನ್ನು ಜಗತ್ತಿಗೆ ತಿಳಿಸಿದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಇರುಳಿನಲ್ಲಿ ಕಾದು ಕುಳಿತು ನೋಡಿ ಕ್ಯಾಮೆರಾದಲ್ಲಿ ಹಿಡಿಯದೆ ಇದ್ದಿದ್ದರೆ ಯಾರೂ ನಂಬುತ್ತಿರಲಿಲ್ಲ. ಮಡಕೆ ಮಾಡುವವನನ್ನು ನೆನೆದು ಅದಕ್ಕೆ ಕುಂಬಾರ ಎಂಬ ಕನ್ನಡದ ಹೆಸರನ್ನೇ ಇಟ್ಟರು. ಲಿನೇಯಸನ ಭಾಷೆಯ ಪಕ್ಕದಲ್ಲಿ ನಮ್ಮ ಊರಿನ ಕುಂಬಾರ ಕುಳಿತಿದ್ದಾನೆ. ಕ್ಯಾಮೆರಾ ಮಾಡಬಹುದಾದ ಒಳ್ಳೆಯ ಕೆಲಸ ಇದು. ಅದು ಯಾರ ಪರಾಕ್ರಮವನ್ನೂ ಸಾರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿತು.

ಇಂದು ಕ್ಯಾಮೆರಾ ಇಲ್ಲದ ಕೈಯಿಲ್ಲ. ರಜೆ ಬಂತೆಂದರೆ ಘಟ್ಟದ ತಿರುವುಗಳಲ್ಲಿ ಕಾರುಗಳ ಸಾಲು. ಬಾಳೆಹಣ್ಣು, ಬಿಸ್ಕತ್ತು ಎಸೆದು ಮಂಗಗಳನ್ನು ರಸ್ತೆಗೆ ಕರೆದು ಚಿತ್ರ ತೆಗೆಯುವವರಿದ್ದಾರೆ. ರಸ್ತೆಗೆ ಇಳಿಯಲು ಕಲಿತ ಪ್ರಾಣಿ ಗಾಡಿಯ ಗಾಲಿಗೆ ಸಿಕ್ಕುವುದು ಆಮೇಲಿನ ಮಾತು. ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ; ಅದರ ಕಣ್ಣಿಗೆ ದೀಪ ಹಿಡಿದರೆ ಮೊಟ್ಟೆಯಿಡದೆ ಮರಳಿ ಹೋಗುವುದುಂಟು. ನೌಕಾದಳ ಗುರಿಯ ಅಭ್ಯಾಸಕ್ಕೆ ಬಳಸಿದ ನೇತ್ರಾಣಿಯ ಸುತ್ತ ಹವಳದ ಬಂಡೆ, ಬಣ್ಣದ ಮೀನುಗಳನ್ನು ನೋಡಲು ಜನ ನೀರಿಗೆ ಧುಮುಕುತ್ತಾರೆ. ನೋಡುವುದು ತಪ್ಪಲ್ಲ. ಆದರೆ ಕೋಣೆಯ ಗೋಡೆಗೆ ಹುಲಿಯ ತಲೆಯನ್ನು ಮೊಳೆ ಹೊಡೆದವನ ಆಸೆಯೇ ಕ್ಯಾಮೆರಾದೊಳಗೆ ಹೊಕ್ಕು ಕುಳಿತರೆ, ಕೋವಿ ಬಿಟ್ಟದ್ದರಿಂದ ಪ್ರಾಣಿಗೆ ದೊರೆತ ಲಾಭ ಅರ್ಧವೇ.

ಹೀಗೆ ಅನ್ಯರಿಗೆ ಬುದ್ಧಿ ಹೇಳುವ ಮೊದಲು ನನ್ನ ಕಥೆಯನ್ನು ಮುಗಿಸಬೇಕು. ಮೂರನೆಯ ದಿನ ಬೆಳಿಗ್ಗೆ ಮಂಗಟ್ಟೆಯೊಂದು ತಲೆಯ ಮೇಲೆ ಹಾರಿಹೋಯಿತು. ಹಕ್ಕಿ ಕಾಣುವ ಮೊದಲೇ ಅದರ ರೆಕ್ಕೆಯ ಭರಾಟೆ ಕೇಳಿಸಿತು. ಹಿರಿಯರು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. ದೂರದಿಂದ ಹೂ ಹೂ ಎಂಬ ದನಿ ಬಂತು. ಕೊಂಬೆ ಅಲುಗುವ ಸದ್ದು, ಎಲೆಯ ಮೇಲೆ ಏನೋ ಉದುರುವ ಸದ್ದು. ನಾನು ಅಂದು ಮೊದಲ ಬಾರಿಗೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಕಿವಿಗೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಎಲೆಗಳ ನಡುವೆ ಬೂದುಬಿಳುಪಿನ ಕೇಸರ, ಅದರೊಳಗೆ ಒಂದು ಕಪ್ಪು ಮುಖ ಕಂಡಿತು. ಒಂದು ಹೆಣ್ಣು, ಹೊಟ್ಟೆಗೆ ಅವಚಿಕೊಂಡ ಮರಿ. ಕೈ ನಡುಗಿತು. ಎರಡೋ ಮೂರೋ ಚಿತ್ರ ತೆಗೆಯುವಷ್ಟರಲ್ಲಿ ಕೊಂಬೆ ಬರಿದಾಗಿತ್ತು.

ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಚಿತ್ರವನ್ನು ಹಿರಿಯರಿಗೆ ತೋರಿಸಿದೆ. ಬಿಳಿಯ ಆಕಾಶ, ನಡುವೆ ಮಸಿಯ ಮುದ್ದೆ, ಬಾಲದ ತುದಿಯ ಕುಚ್ಚು ಮಾತ್ರ ಸ್ಪಷ್ಟ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಸಿಂಗಳೀಕ ಹೌದು. ಕೂತ ಮರ ಯಾವುದು, ಹೇಳಿ ನೋಡ್ವ?" ಎಂದರು.

ನನಗೆ ತಿಳಿದಿರಲಿಲ್ಲ. ಮೂರು ದಿನ ಆ ಮರದ ಕೆಳಗೇ ಕುಳಿತಿದ್ದೆ, ಮರವನ್ನು ನೋಡಿರಲಿಲ್ಲ.

"ಉಪ್ಪಾಗೆ" ಎಂದರು ಅವರು. "ಮಳೆಗಾಲದಲ್ಲಿ ಹಣ್ಣಾಗ್ತದೆ. ನಾವೂ ಈ ಮರಕ್ಕೇ ಬರ್ತೇವೆ, ಅವೂ ಈ ಮರಕ್ಕೇ ಬರ್ತವೆ. ಎಲ್ಲಾ ನಾವೇ ಕೊಯ್ಕಂಡ್ರೆ ಅವಕ್ಕೆ ಎಂತದು?" ಉಪ್ಪಾಗೆಯ ಸಿಪ್ಪೆಗೆ ಪೇಟೆಯಲ್ಲಿ ಬೆಲೆ ಏರಿದ ವರ್ಷಗಳಲ್ಲಿ ಹಣ್ಣು ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ದವರ ಕಥೆಯನ್ನು ಇಳಿಯುವ ದಾರಿಯುದ್ದಕ್ಕೂ ಹೇಳಿದರು. ಈಗ ತಮ್ಮ ಮನೆಯವರು ಮೇಲಿನ ಕೊಂಬೆಗಳನ್ನು ಮುಟ್ಟುವುದಿಲ್ಲವಂತೆ.

ಆ ಚಿತ್ರ ನನ್ನಲ್ಲಿದೆ. ಯಾವ ಸ್ಪರ್ಧೆಗೂ ಕಳಿಸುವಂತಹದಲ್ಲ. ಅದರ ಕೆಳಗೆ ದಿನಾಂಕವನ್ನೂ ಊರಿನ ಹೆಸರನ್ನೂ ಬರೆದು, ಸಿಂಗಳೀಕ ಎಂಬ ಹೆಸರಿಗೆ ಮೊದಲು ಉಪ್ಪಾಗೆ ಮರ ಎಂದು ಬರೆದಿದ್ದೇನೆ. ಬರುವ ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಬೇಕು. ಆ ಮರ ಹಣ್ಣಾದಾಗ ಹೇಗಿರುತ್ತದೆಂದು ನೋಡಬೇಕು.